ತಿರುಗದ ಕ್ರ್ಯಾಂಕ್

ಕೇಳುಗರೆ, ನಮಸ್ಕಾರ.

ಇಂಜಿನ್ ಬಿಚ್ಚುವುದಕ್ಕೆ ಧೈರ್ಯವೊಂದಿದ್ದರೆ ಸಾಕು. ಮತ್ತೆ ಜೋಡಿಸುವಾಗ ಮಾತ್ರ ಎದೆ ಧಸಕ್ಕೆನ್ನುವ ಗಳಿಗೆಯೊಂದು ಬರುತ್ತದೆ. ಇಂಜಿನ್ನಿನ ಒಡಲಾದ ಬ್ಲಾಕನ್ನು ಬೋರಲು ಹಾಕಿದ್ದೀರಿ, ಹೊಸ ಬೇರಿಂಗ್ ಶೆಲ್ಲುಗಳನ್ನು, ಅಂದರೆ ಅರ್ಧ ಬಳೆಯಂಥ ತೆಳು ಲೋಹದ ಪಟ್ಟಿಗಳನ್ನು, ಕೂರಿಸಿದ್ದೀರಿ, ಎಣ್ಣೆ ಸವರಿ, ಪಿಸ್ಟನ್ನುಗಳ ಮೇಲೆ ಕೆಳಗಿನ ಓಡಾಟವನ್ನು ಸುತ್ತಾಗಿಸುವ ಕ್ರ್ಯಾಂಕ್‌ಶಾಫ್ಟನ್ನು ಮಲಗಿಸಿದ್ದೀರಿ. ಎರಡು ಬೆರಳಿನಲ್ಲಿ ತಿರುಗುತ್ತಿದೆ, ಖುಷಿಯೋ ಖುಷಿ. ಮೇಲೆ ಅದನ್ನು ಹಿಡಿದಿಡುವ ಕ್ಯಾಪುಗಳನ್ನಿಟ್ಟು, ಹೇಳಿದಷ್ಟು ಬಿಗಿ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಕಟಕ್ ಎನ್ನುವವರೆಗೆ ಬಿಗಿದು ಮತ್ತೆ ತಿರುಗಿಸಿದರೆ, ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಹೊಸ ಬೇರಿಂಗ್ ಅಲ್ವಾ, ಸ್ವಲ್ಪ ಓಡಿದ್ರೆ ತಾನೇ ಸಡಿಲ ಆಗುತ್ತೆ ಬಿಡಿ." ಈ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಓಡುತ್ತ ಓಡುತ್ತ ಹದಕ್ಕೆ ಬರುವುದು ಪಿಸ್ಟನ್ ರಿಂಗುಗಳು. ಬೇರಿಂಗಿನ ಕಥೆ ಬೇರೆ. ಇಂಜಿನ್ ಓಡುವಾಗ ಕ್ರ್ಯಾಂಕಿನ ಜರ್ನಲ್, ಅಂದರೆ ಆ ನುಣುಪಾದ ದುಂಡು ಭಾಗ, ಶೆಲ್ಲಿಗೆ ತಾಗಲೇಬಾರದು. ನಡುವೆ ಎಣ್ಣೆಯ ಪೊರೆ ಇರಬೇಕು, ಕ್ರ್ಯಾಂಕ್ ಅದರ ಮೇಲೆ ತೇಲಬೇಕು. ಆ ಪೊರೆಗೆ ಬೇಕಾದ ಜಾಗ ತೀರಾ ಸಣ್ಣದು. ಜರ್ನಲಿನ ಅಡ್ಡಳತೆಯ ಸಾವಿರದಲ್ಲೊಂದು ಪಾಲು ಎನ್ನುವುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ: 50 ಮಿಲಿಮೀಟರ್ ಜರ್ನಲಿಗೆ 0.05 ಮಿಲಿಮೀಟರ್. ಕೂದಲೆಳೆಗಿಂತ ಕಡಿಮೆಯೇ ಅನ್ನಿ. ಅಷ್ಟೂ ಇಲ್ಲದಿದ್ದರೆ ಎಣ್ಣೆ ಒಳಗೆ ಹೋಗುವುದಿಲ್ಲ, ಶೆಲ್ಲಿನ ಮೆದುಲೋಹ ಕಾದು ಕರಗುತ್ತದೆ, ಕೊನೆಗೆ ಶೆಲ್ಲೇ ತನ್ನ ಗೂಡಿನಲ್ಲಿ ಗಿರ್ರನೆ ಸುತ್ತುತ್ತದೆ. ಅಲ್ಲಿಗೆ ಬ್ಲಾಕೂ ಹೋಯಿತು, ಕ್ರ್ಯಾಂಕೂ ಹೋಯಿತು.

ಆದ್ದರಿಂದ ಉದ್ದನೆಯ ಪೈಪ್ ಸಿಕ್ಕಿಸಿ ಬಲವಂತವಾಗಿ ತಿರುಗಿಸಬೇಡಿ. ಬಿಗಿದದ್ದನ್ನು ಬಿಚ್ಚಿ. ಆದರೆ ಒಟ್ಟಿಗೆ ಬಿಚ್ಚಿಹಾಕಬೇಡಿ. ಒಂದೊಂದೇ ಕ್ಯಾಪ್ ಸಡಿಲಿಸಿ, ಪ್ರತಿ ಸಲವೂ ಕ್ರ್ಯಾಂಕನ್ನು ತಿರುಗಿಸಿ ನೋಡಿ. ಯಾವ ಕ್ಯಾಪ್ ಸಡಿಲಿಸಿದಾಗ ಹಿಡಿತ ಬಿಟ್ಟಿತೋ ಕಳ್ಳ ಅಲ್ಲೇ ಇದ್ದಾನೆ. ಗುಮಾನಿ ಉಳಿದರೆ ಎಲ್ಲವನ್ನೂ ಸಡಿಲಿಸಿ, ನಡುವಿನ ಕ್ಯಾಪಿನಿಂದ ಶುರುಮಾಡಿ ಎರಡೂ ಕಡೆಗೆ ಬಿಗಿಯುತ್ತ ಬನ್ನಿ, ಒಂದು ಬಿಗಿದರೆ ಒಂದು ಸುತ್ತು. ನಿಜ ಹೇಳಬೇಕೆಂದರೆ ಮೊದಲ ಸಲವೇ ಹೀಗೆ ಮಾಡಿದ್ದರೆ ಈ ಪೇಚಾಟವೇ ಇರುವುದಿಲ್ಲ. ಆದರೆ ಮೊದಲ ಸಲ ಯಾರೂ ಹೀಗೆ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ.

ನನ್ನದು ನಾಲ್ಕು ಸಿಲಿಂಡರಿನ ಹಳೆಯ ಇಂಜಿನ್, ಐದು ಮುಖ್ಯ ಬೇರಿಂಗುಗಳು. ಬಿಚ್ಚುವಾಗ ಕ್ಯಾಪುಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದಿದ್ದೆ, ಬಹಳ ಜಾಣ ಕೆಲಸ ಮಾಡಿದೆ ಅಂದುಕೊಂಡಿದ್ದೆ. ತೊಳೆಯುವಾಗ ಸೀಮೆಸುಣ್ಣವೆಲ್ಲ ಸೀಮೆಎಣ್ಣೆಯ ಪಾಲಾಯಿತು. ನೋಡಲು ಒಂದೇ ಥರ ಇದ್ದ ಎರಡನೆಯದನ್ನೂ ನಾಲ್ಕನೆಯದನ್ನೂ ಅಂದಾಜಿನ ಮೇಲೆ ಕೂರಿಸಿದೆ. ಬಿಗಿದೊಡನೆ ಕ್ರ್ಯಾಂಕ್ ಕಲ್ಲಾಯಿತು. ಒಂದೊಂದಾಗಿ ಸಡಿಲಿಸಿದಾಗ ಬೆರಳು ತೋರಿದ್ದೂ ಈ ಎರಡರ ಕಡೆಗೇ. ಆಮೇಲೆ ಕ್ಯಾಪಿನ ಬೆನ್ನ ಮೇಲಿನ ಕರಿ ಜಿಡ್ಡನ್ನು ಕೆರೆದು ನೋಡಿದರೆ, ಕಾರ್ಖಾನೆಯವರು ಕೊರೆದ ಅಂಕಿ, ಮುಂದಿನ ದಿಕ್ಕು ತೋರುವ ಬಾಣದ ಗುರುತು ಎರಡೂ ಅಲ್ಲೇ ಇದ್ದವು.

ಕ್ಯಾಪ್ ಅದಲುಬದಲಾದರೆ ಅಷ್ಟೇನು ವ್ಯತ್ಯಾಸ ಎಂದು ಕೇಳಬಹುದು. ಕಾರ್ಖಾನೆಯಲ್ಲಿ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದ ಮೇಲೆಯೇ ಬೇರಿಂಗಿನ ಗೂಡುಗಳನ್ನು ಒಂದೇ ಸಾಲಿನಲ್ಲಿ ಕೊರೆಯುತ್ತಾರೆ. ದುಂಡಿನ ಅರ್ಧ ಬ್ಲಾಕಿನಲ್ಲಿ, ಅರ್ಧ ಕ್ಯಾಪಿನಲ್ಲಿ. ಅದು ಆ ಜಾಗಕ್ಕೆ ಮಾತ್ರ ಹುಟ್ಟಿದ ಜೋಡಿ. ಬೇರೆ ಜಾಗದಲ್ಲಿಟ್ಟರೆ, ಅದೇ ಜಾಗದಲ್ಲಿ ಹಿಂದುಮುಂದಾಗಿ ಇಟ್ಟರೂ, ಎರಡು ಅರ್ಧಗಳ ಅಂಚು ಕೂಡುವುದಿಲ್ಲ.

ಕ್ಯಾಪ್ ಸರಿಯಿದ್ದೂ ಒಂದೇ ಕಡೆ ಬಿಗಿಯಾಗಿದ್ದರೆ ಆ ಶೆಲ್ಲನ್ನು ಎತ್ತಿ ಅದರ ಬೆನ್ನು ನೋಡಿ. ಅಲ್ಲೊಂದು ಲೋಹದ ಚೂರು, ಮರಳಿನ ಕಣ, ಹಳೆಯ ಗ್ಯಾಸ್ಕೆಟ್ ಅಂಟಿನ ಪುಡಿ ಇದ್ದರೂ ಸಾಕು, ಶೆಲ್ ಅಲ್ಲಿ ಉಬ್ಬಿ ಜರ್ನಲನ್ನು ಅದುಮುತ್ತದೆ. ಎಣ್ಣೆ ಸವರಬೇಕಾದದ್ದು ಶೆಲ್ಲಿನ ಒಳಮೈಗೆ. ಬೆನ್ನೂ ಗೂಡೂ ಒಣಗಿರಬೇಕು, ಚೊಕ್ಕಟವಾಗಿರಬೇಕು. ಶೆಲ್ಲಿನ ಅಂಚಿನ ಪುಟ್ಟ ನಾಲಗೆ ತನ್ನ ಕಚ್ಚಿನಲ್ಲಿ ಕೂತಿದೆಯೇ ನೋಡಿ. ಶೆಲ್ಲಿನ ತೂತು ಬ್ಲಾಕಿನ ಎಣ್ಣೆ ದಾರಿಗೆ ಸರಿಯಾಗಿ ಬಂದಿದೆಯೇ ಎಂಬುದನ್ನೂ ಇದೇ ಕೈಯಲ್ಲಿ ನೋಡಿಬಿಡಿ. ತೂತಿಲ್ಲದ ಶೆಲ್ ಮರೆತು ಬ್ಲಾಕಿನ ಕಡೆ ಬಿದ್ದರೆ ಕ್ರ್ಯಾಂಕ್ ಚೆನ್ನಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಎಣ್ಣೆಯಿಲ್ಲದೆ ಸಾಯುತ್ತದೆ.

ಐದೂ ಕಡೆ ಒಂದೇ ಸಮ ಬಿಗಿಯಾಗಿದ್ದರೆ ಶೆಲ್ಲಿನ ಅಳತೆಯೇ ತಪ್ಪಿರಬಹುದು. ಸವೆದ ಜರ್ನಲನ್ನು ಗ್ರೈಂಡ್ ಮಾಡಿಸಿದರೆ ಅದು ಸಣ್ಣದಾಗುತ್ತದೆ, ಆಗ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಶೆಲ್ ಬೇಕು. ಸಣ್ಣದೆಂಬ ಹೆಸರು ಜರ್ನಲಿನ ಲೆಕ್ಕದ್ದು, ಶೆಲ್ ಮಾತ್ರ ದಪ್ಪ. ಗ್ರೈಂಡ್ ಆಗದ ಜರ್ನಲಿಗೆ ಆ ದಪ್ಪ ಶೆಲ್ ಹಾಕಿದರೆ ತಿರುಗುವುದೆಲ್ಲಿ ಬಂತು! ಅಳತೆ ಶೆಲ್ಲಿನ ಬೆನ್ನ ಮೇಲೆ ಅಚ್ಚಾಗಿರುತ್ತದೆ. ಡಬ್ಬಿಯ ಮೇಲಿನ ಚೀಟಿಯನ್ನು ನಂಬಬೇಡಿ, ಶೆಲ್ಲಿನ ಬೆನ್ನನ್ನು ನಂಬಿ, ಜರ್ನಲಿಗೆ ಮೈಕ್ರೋಮೀಟರ್ ಹಿಡಿಯಿರಿ. ಪ್ಲಾಸ್ಟಿಗೇಜ್ ಎಂಬ ಮೆದುವಾದ ಎಳೆ ಸಿಕ್ಕಿದರೆ ಇನ್ನೂ ಸುಲಭ. ಎಣ್ಣೆ ಒರೆಸಿದ ಜರ್ನಲಿನ ಮೇಲೆ ಉದ್ದಕ್ಕೆ ಒಂದು ತುಂಡಿಟ್ಟು ಕ್ಯಾಪ್ ಬಿಗಿದು ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಅದರ ಜೊತೆಗೆ ಬರುವ ಅಳತೆಪಟ್ಟಿಯಲ್ಲಿ ಓದಿ. ಎಳೆ ಒಳಗಿರುವಾಗ ಮಾತ್ರ ಕ್ರ್ಯಾಂಕನ್ನು ತಿರುಗಿಸಕೂಡದು.

ಗ್ರೈಂಡ್ ಮಾಡಿಸಿದ ಕ್ರ್ಯಾಂಕಿನದೇ ಇನ್ನೊಂದು ಕಿತಾಪತಿ ಇದೆ. ಜರ್ನಲ್ ಮುಗಿದು ಪಕ್ಕದ ಗೋಡೆ ಏಳುವ ಮೂಲೆ ಚೂಪಾಗಿರುವುದಿಲ್ಲ, ಬಲಕ್ಕಾಗಿ ಸಣ್ಣ ಬಾಗು ಬಿಟ್ಟಿರುತ್ತಾರೆ. ಗ್ರೈಂಡಿಂಗಿನಲ್ಲಿ ಆ ಬಾಗು ದೊಡ್ಡದಾಗಿ ಉಳಿದರೆ ಶೆಲ್ಲಿನ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ. ಜರ್ನಲಿನ ಅಳತೆ ಸರಿ, ಶೆಲ್ ಸರಿ, ಆದರೂ ಬಿಗಿ. ಶೆಲ್ಲಿನ ಅಂಚಿನುದ್ದಕ್ಕೆ ಮಾತ್ರ ಹೊಳೆಯುವ ಗೆರೆ ಬಿದ್ದಿದ್ದರೆ ಇದೇ ಎಂದು ತಿಳಿಯಿರಿ.

ಇನ್ನು ಒಂಟಿ ಒಂಟಿಯಾಗಿ ಬಿಗಿದರೆ ಪ್ರತಿ ಕ್ಯಾಪೂ ಸಾಧು, ಎಲ್ಲ ಸೇರಿದರೆ ಹಿಡಿತ. ಇದು ತಲೆನೋವಿನ ಜಾತಿ. ಕ್ರ್ಯಾಂಕ್ ಬಾಗಿರಬೇಕು, ಇಲ್ಲವೇ ಬ್ಲಾಕಿನ ಗೂಡುಗಳ ಸಾಲು ಸೊಟ್ಟಗಾಗಿರಬೇಕು. ಉಜ್ಜಿದ ಗುರುತೇ ಇವೆರಡನ್ನು ಬೇರೆ ಮಾಡಿ ತೋರಿಸುತ್ತದೆ. ಬಾಗಿದ ಕ್ರ್ಯಾಂಕ್ ತನ್ನ ಡೊಂಕನ್ನು ತಾನೇ ಹೊತ್ತು ತಿರುಗುತ್ತದೆ. ಹಾಗಾಗಿ ಅದರ ಜರ್ನಲಿನ ಒಂದೇ ಪಕ್ಕ ಉಜ್ಜಿರುತ್ತದೆ, ಶೆಲ್ಲಿನಲ್ಲಿ ಗುರುತು ಸುತ್ತಲೂ ಇರುತ್ತದೆ. ಸಾಲು ಸೊಟ್ಟಗಿದ್ದರೆ ತಿರುವುಮುರುವು: ಶೆಲ್ಲಿನ ಒಂದೇ ಪಕ್ಕ, ಜರ್ನಲಿನ ಸುತ್ತ. ಖಚಿತ ಮಾಡಿಕೊಳ್ಳಲು ಬ್ಲಾಕಿನಲ್ಲಿ ಎರಡು ತುದಿಯ ಶೆಲ್ಲುಗಳನ್ನು ಮಾತ್ರ ಇಟ್ಟು, ಅವುಗಳ ಮೇಲೆ ಕ್ರ್ಯಾಂಕ್ ಮಲಗಿಸಿ, ನಡುವಿನ ಜರ್ನಲಿಗೆ, ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರುವ ಡಯಲ್ ಗೇಜ್ ಮುಟ್ಟಿಸಿ ನಿಧಾನ ತಿರುಗಿಸಿ. ಮುಳ್ಳಿನ ಓಡಾಟ ನಿಮ್ಮ ಇಂಜಿನ್ನಿನ ಕೈಪಿಡಿ ಹೇಳಿದ ಮಿತಿಯನ್ನು ದಾಟಿದರೆ ಬಾಗಿದೆ ಎಂದೇ ಅರ್ಥ. ಎರಡಕ್ಕೂ ಮನೆಯಲ್ಲಿ ಮದ್ದಿಲ್ಲ, ಮೆಷಿನ್ ಶಾಪಿಗೇ ಒಯ್ಯಬೇಕು. ಕ್ಯಾಪಿಗೆ ಅರ ಹಾಕಿ ಸರಿಮಾಡುತ್ತೇನೆ ಎಂದು ಹೊರಟವರ ಬ್ಲಾಕುಗಳನ್ನು ನೋಡಿದ್ದೇನೆ, ಬೇಡ.

ಥ್ರಸ್ಟ್ ಬೇರಿಂಗನ್ನು ಮರೆಯುವವರೇ ಹೆಚ್ಚು. ಕ್ರ್ಯಾಂಕ್ ಹಿಂದಕ್ಕೂ ಮುಂದಕ್ಕೂ ಜರುಗದಂತೆ ತಡೆಯುವುದು ಅದು. ಆದರೂ ತುಸು ಆಟ ಇರಲೇಬೇಕು, ಎಷ್ಟೋ ಇಂಜಿನ್ನುಗಳಲ್ಲಿ 0.1ರಿಂದ 0.2 ಮಿಲಿಮೀಟರಿನ ಆಸುಪಾಸು. ಆ ಕ್ಯಾಪ್ ಬಿಗಿಯುವ ಮುನ್ನ ಕ್ರ್ಯಾಂಕನ್ನು ಒಮ್ಮೆ ಹಿಂದೆ ಒಮ್ಮೆ ಮುಂದೆ ಮೀಟಿ, ಎರಡೂ ಅರ್ಧಗಳು ಸಮವಾಗಿ ಕೂತುಕೊಳ್ಳುತ್ತವೆ. ಈ ಬೇರಿಂಗ್ ಬಿಡಿ ವಾಷರಿನ ರೂಪದಲ್ಲಿದ್ದರೆ, ಅದರ ಗೀರುಗಳಿರುವ ಮುಖ ಕ್ರ್ಯಾಂಕಿನ ಕಡೆಗಿರಬೇಕು.

ಬೋಲ್ಟಿನ ತೂತುಗಳಲ್ಲಿ ಎಣ್ಣೆ ನಿಲ್ಲಗೊಡಬೇಡಿ. ತಳದಲ್ಲಿ ಸಿಕ್ಕಿಕೊಂಡ ಎಣ್ಣೆ ಬೋಲ್ಟನ್ನು ತಡೆಯುತ್ತದೆ: ರೆಂಚ್ ಕಟಕ್ ಅನ್ನುತ್ತದೆ, ಕ್ಯಾಪ್ ಕೂತಿರುವುದಿಲ್ಲ.

ಪಿಸ್ಟನ್ ಇಳಿಸುವಾಗಲೂ ಇದೇ ಕ್ರಮ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಒಂದು ಬಿಗಿದರೆ ಒಂದು ಸುತ್ತು. ರಾಡಿಗೂ ಅದರ ಕ್ಯಾಪಿಗೂ ಜೋಡಿಯ ಅಂಕಿ ಇದೆ, ಮುಂದೆ ಹಿಂದೆ ಎಂಬ ದಿಕ್ಕೂ ಇದೆ. ಈಗ ಬೆರಳಿಗೆ ತಿರುಗುವುದಿಲ್ಲ, ರೆಂಚ್ ಬೇಕಾಗುತ್ತದೆ, ಹೆದರಬೇಡಿ. ಹೊಸ ರಿಂಗುಗಳು ಸಿಲಿಂಡರನ್ನು ಒತ್ತಿ ಹಿಡಿದಿರುತ್ತವೆ. ಆ ಭಾರ ಸುತ್ತಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಕೈಗೆ ಬರಬೇಕು. ಎಲ್ಲೋ ಒಂದು ಕಡೆ ಟಕ್ಕೆಂದು ನಿಂತರೆ ರೆಂಚನ್ನು ಕೆಳಗಿಡಿ, ಕೊನೆಗೆ ಬಿಗಿದ ರಾಡ್ ಯಾವುದು ಎಂದು ನೋಡಿ.

ನಮಸ್ಕಾರ.