ಬೆಲ್ಲ ಕೊಡ್ತಾರೆ, ಲೆಕ್ಕ ಕೇಳ್ಬೇಡಿ ಅಂತಾರೆ

ಕೇಳುಗರಿಗೆಲ್ಲ ನಮಸ್ಕಾರ. ಟೆಕ್ ಸಾಹುಕಾರರ ರಾಜಕೀಯದ ಬಗ್ಗೆ ಒಂದಷ್ಟು ಮಾತಾಡಿ ಅಂದ್ರು, ಸರಿ ಅಂತ ಒಪ್ಕೊಂಡುಬಿಟ್ಟೆ, ಆಮೇಲೆ ಬರೆಯೋಕೆ ಕೂತ್ರೆ ಕಣ್ಮುಂದೆ ಬಂದಿದ್ದು ಕ್ಯಾಲಿಫೋರ್ನಿಯಾ ಅಲ್ಲ, ಮಂಡ್ಯದ ಹತ್ರ ನಮ್ಮ ದೊಡ್ಡಪ್ಪನ ಆಲೆಮನೆ.

ದೊಡ್ಡಪ್ಪನ ಕೈ ಧಾರಾಳ. ದಾರೀಲಿ ಹೋಗೋರನ್ನ ಕರೆದು ಚೊಂಬು ತುಂಬ ಕಬ್ಬಿನ ಹಾಲು ಕುಡಿಸೋರು, ನಾವು ಹುಡುಗ್ರು ಹೋದ್ರೆ ಬಾಳೆ ಎಲೆ ಚೂರಿನ ಮೇಲೆ ಬಿಸಿ ಬೆಲ್ಲ ಹಾಕ್ಕೊಡೋರು, ಮಾರಮ್ಮನ ಹಬ್ಬಕ್ಕೆ ಮೊದಲ ಚಂದಾ ಅವರದ್ದೇ. ಒಂದ್ಸಲ ಕೊಪ್ಪರಿಗೆ ಒಲೆಗೆ ಕಬ್ಬಿನ ಸಿಪ್ಪೆ ತುಂಬ್ತಿದ್ದ ಆಳು, ವಯಸ್ಸಾದೋನು, ಹೆಗಲ ಮೇಲಿನ ಟವೆಲ್ ತೆಗೆದು ಕೈಲಿ ಹಿಡ್ಕೊಂಡು "ಬೆಲ್ಲ ಬ್ಯಾಡ ಗೌಡ್ರೇ, ರಾತ್ರಿ ಕೆಲ್ಸಕ್ಕೆ ಇಷ್ಟು ಅಂತ ಒಂದು ಲೆಕ್ಕ ಮಾಡ್ಬುಡಿ" ಅಂದ. ದೊಡ್ಡಪ್ಪನಿಗೆ ಎಲ್ಲಿತ್ತೋ ಸಿಟ್ಟು, "ನಿನ್ ಮಗಳ ಮದ್ವೆಗೆ ದುಡ್ಡು ಕೊಟ್ಟೋನ್ ಯಾರ್ಲಾ? ನನ್ನೇ ಲೆಕ್ಕ ಕೇಳ್ತೀಯಾ?" ಅಂತ ಎಗರಾಡಿಬಿಟ್ರು. ಕೊಡೋಕೆ ತಕರಾರಿಲ್ಲ ನೋಡಿ, ಇಷ್ಟು ಕೊಡು ಅಂತ ಇನ್ನೊಬ್ರು ಗೆರೆ ಎಳೆದ್ರೆ ತಕರಾರು.

ಇದನ್ನೇ 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಕಡೆಯೋರು ಒಂದು ಸಮೀಕ್ಷೆಯಲ್ಲಿ ಕಂಡಿದ್ರು. 600ಕ್ಕೂ ಹೆಚ್ಚು ಟೆಕ್ ಉದ್ಯಮಿಗಳನ್ನ ಮಾತಾಡಿಸಿದ್ರೆ ಹೆಚ್ಚಿನೋರು ಡೆಮಾಕ್ರಟಿಕ್ ಪಕ್ಷದ ಕಡೆ. ಶ್ರೀಮಂತರ ಮೇಲೆ ಟ್ಯಾಕ್ಸ್ ಜಾಸ್ತಿ ಮಾಡಿ, ಬಡವರಿಗೆ ಹಂಚಿ, ವಲಸೆ ಬರೋರಿಗೆ ಬಾಗಿಲು ತೆಗೀರಿ, ಎಲ್ಲಾದಕ್ಕೂ ಹೂಂ. ಆದ್ರೆ ಯೂನಿಯನ್ ಅಂದ್ರೆ, ಕೆಲಸದಿಂದ ತೆಗೆಯೋಕೆ ರೂಲ್ಸ್ ಅಂದ್ರೆ ಊಹೂಂ, ಆ ವಿಷಯದಲ್ಲಿ ಎದುರು ಪಕ್ಷ, ಅಂದ್ರೆ ಟ್ರಂಪ್ ಪಕ್ಷದ ರಿಪಬ್ಲಿಕನ್ನರ ಪಕ್ಕದಲ್ಲೇ ಕೂತಿದ್ರು. ಇದನ್ನ ಎಡ ಅಂತೀರೋ ಬಲ ಅಂತೀರೋ? ನಾನಂತೂ ಆಲೆಮನೆ ರಾಜಕೀಯ ಅಂತೀನಿ.

2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರೊಪೊಸಿಷನ್ 22 ಅಂತ ಒಂದು ಜನಮತ ಆಯ್ತು, ಊಬರ್, ಲಿಫ್ಟ್ ಅನ್ನೋ ಆ್ಯಪ್‌ಗಳ ಟ್ಯಾಕ್ಸಿ ಓಡಿಸೋರು ಕಂಪನಿ ನೌಕರರೋ ಅಲ್ವೋ ಅನ್ನೋ ಪ್ರಶ್ನೆ. ನೌಕರರಲ್ಲ ಅನ್ನಿಸೋಕೆ ಕಂಪನಿಗಳು ಸುರಿದ ದುಡ್ಡು 20 ಕೋಟಿ ಡಾಲರ್‌ಗೂ ಮೇಲೆ. ಗೆದ್ರು ಕೂಡ. ಇದಾಗಿದ್ದು ಎಲ್ಲಿ, ಡೆಮಾಕ್ರಟಿಕ್ ಪಕ್ಷದ ಕೋಟೆ ಅಂತಾರಲ್ಲ, ಆ ಕ್ಯಾಲಿಫೋರ್ನಿಯಾದಲ್ಲಿ.

ಹಾಗಾಗಿ 2025ರ ಜನವರಿ 20ಕ್ಕೆ ಟ್ರಂಪ್ ಪ್ರಮಾಣವಚನದಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್, ಅಮೆಜಾನ್‌ನ ಬೆಜೋಸ್, ಗೂಗಲ್‌ನ ಪಿಚೈ, ಟೆಸ್ಲಾದ ಮಸ್ಕ್ ಎಲ್ಲ ಮುಂದೆ ನಿಂತಿರೋ ಫೋಟೋ ನೋಡಿ ನಮ್ಮ ಅಗ್ರಹಾರದ ಕಾಫಿ ಅಡ್ಡಾದಲ್ಲಿ "ಎಲ್ಲ ಪಾರ್ಟಿ ಬದಲಾಯಿಸಿಬಿಟ್ರಲ್ಲ ಸ್ವಾಮಿ" ಅಂತ ಬಾಯಿ ಬಿಟ್ಕೊಂಡಾಗ ನಂಗೇನೂ ಆಶ್ಚರ್ಯ ಆಗ್ಲಿಲ್ಲ. ಪೇಪಾಲ್ ಕಂಪನಿ ಕಟ್ಟಿದೋರಲ್ಲಿ ಒಬ್ರಾದ ಪೀಟರ್ ಥೀಲ್ ಅನ್ನೋರು 2016ರಲ್ಲೇ ಟ್ರಂಪ್ ಕಡೆ ಹೋಗಿ ರಿಪಬ್ಲಿಕನ್ನರ ವೇದಿಕೆ ಹತ್ತಿ ಭಾಷಣ ಮಾಡಿದ್ರು, ಮಿಕ್ಕೋರು ನಿಧಾನ ಮಾಡಿದ್ರು ಅಷ್ಟೇ. ಮಸ್ಕ್ ಕತೆ ಬೇರೆ, 2024ರ ಚುನಾವಣೆಗೆ 25 ಕೋಟಿ ಡಾಲರ್‌ಗೂ ಮೇಲೆ ಸುರಿದು, ಸರ್ಕಾರದೊಳಗೇ ಕೂತು, ಒಂದು ವರ್ಷ ತುಂಬೋದ್ರೊಳಗೆ ಜಗಳ ಆಡ್ಕೊಂಡು ಹೊಸ ಪಾರ್ಟಿ ಮಾಡ್ತೀನಿ ಅಂದುಬಿಟ್ರು.

ಇನ್ನು ನಮ್ಮೋರು. ನಮ್ಮ ಮೈಸೂರಿನ ಎನ್‌ಐಇ ಕಾಲೇಜಲ್ಲಿ ಓದಿದ ಇನ್ಫೋಸಿಸ್ ನಾರಾಯಣ ಮೂರ್ತಿಗಳು ಚಿಕ್ಕವಯಸ್ಸಲ್ಲಿ ಎಡಪಂಥದೋರಾಗಿದ್ರಂತೆ, ಅವರೇ ಹೇಳ್ಕೊಂಡಿದ್ದಾರೆ. 1974ರಲ್ಲಿ ಪ್ಯಾರಿಸ್‌ನಿಂದ ಮೈಸೂರಿಗೆ, ಯೋಚನೆ ಮಾಡಿ, ಸಿಕ್ಕಿದ ಗಾಡಿ ಹತ್ಕೊಂಡು ವಾಪಸ್ ಬರ್ತಾ ಇದ್ರು. ಯುಗೊಸ್ಲಾವಿಯಾದ ನಿಶ್ ಅನ್ನೋ ಊರಿಂದ ರೈಲು ಹತ್ತಿ ಎದುರಿಗಿದ್ದ ಹುಡುಗಿ ಜೊತೆ ಫ್ರೆಂಚಲ್ಲಿ ಮಾತಾಡಿದ್ರು, ಕಮ್ಯುನಿಸ್ಟ್ ಬಲ್ಗೇರಿಯಾದಲ್ಲಿ ಬದುಕು ಹೇಗಿದೆ ಅಂತ. ಜೊತೇಲಿದ್ದ ಹುಡುಗ ಹೋಗಿ ಪೊಲೀಸರಿಗೆ ಹೇಳ್ದ. ಎಂಟಡಿ ಎಂಟಡಿ ಕೋಣೆ, ತಣ್ಣನೆ ಕಲ್ಲಿನ ನೆಲ, ಮೂರು ದಿನಕ್ಕೂ ಮೇಲೆ ಅನ್ನ ನೀರಿಲ್ಲ. ಕೊನೆಗೆ ಗೂಡ್ಸ್ ರೈಲಿಗೆ ಹತ್ತಿಸಿ, ನೀನು ಮಿತ್ರದೇಶ ಇಂಡಿಯಾದೋನು, ಅದಕ್ಕೇ ಬಿಡ್ತಿದೀವಿ ಅಂದ್ರಂತೆ. ಮಿತ್ರದೇಶದೋರಿಗೇ ಇಷ್ಟು ಉಪಚಾರ! ಕಮ್ಯುನಿಸಂ ಅಲ್ಲಿಗೆ ಬಿಟ್ಟುಹೋಯ್ತು ಅಂತಾರೆ ಅವ್ರು, ಯಾರಿಗಾದ್ರೂ ಬಿಡುತ್ತೆ ಬಿಡಿ. ಆದ್ರೆ ಅವರೇ 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನಂಗೆ ಆ ಕೊಪ್ಪರಿಗೆ ಹತ್ರ ಟವೆಲ್ ಹಿಡ್ಕೊಂಡು ನಿಂತೋನೇ ಕಣ್ಮುಂದೆ ಬಂದ.

ನಂದನ್ ನಿಲೇಕಣಿಯೋರು 2014ರಲ್ಲಿ ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಟಿಕೆಟಲ್ಲಿ ನಿಂತು 7,700 ಕೋಟಿ ಆಸ್ತಿ ಘೋಷಣೆ ಮಾಡಿ, ಅನಂತಕುಮಾರ್ ಎದುರು 2 ಲಕ್ಷದ 28 ಸಾವಿರಕ್ಕೂ ಹೆಚ್ಚು ಓಟಿಂದ ಸೋತ್ರು. ಸೋತಿದ್ದು ಅವರು, ಅವರು ಕಟ್ಟಿದ ಆಧಾರ್ ಸೋಲ್ಲಿಲ್ಲ, ಗೆದ್ದ ಸರ್ಕಾರವೇ ಅದನ್ನ ಎತ್ಕೊಂಡು 2016ರಲ್ಲಿ ಕಾಯ್ದೆ ಮಾಡ್ತು. ಇವರಿಗೆ ಓಟು ಯಾಕೆ ಬೇಕು ಹೇಳಿ.

2024ರ ಜುಲೈಯಲ್ಲಂತೂ ಕಣ್ಣಾರೆ ನೋಡಿದ್ವಿ. ನಮ್ಮ ರಾಜ್ಯದ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಕೆಲಸದಲ್ಲಿ ಶೇಕಡಾ 50, ಮಿಕ್ಕ ಕೆಲಸದಲ್ಲಿ ಶೇಕಡಾ 70 ಅಂತ ಮಸೂದೆ ಕ್ಯಾಬಿನೆಟ್ ಒಪ್ಪಿತು, ಉದ್ಯಮದೋರು ಒಂದೇ ಸ್ವರದಲ್ಲಿ ಕೂಗಿದ್ರು, ಪಕ್ಕದ ಆಂಧ್ರದೋರು ನಮ್ಮಲ್ಲಿಗೆ ಬನ್ನಿ ಅಂತ ಕೈ ಬೀಸಿದ್ರು, ಎರಡು ಮೂರು ದಿನದಲ್ಲಿ ಮಸೂದೆ ತಡೆಹಿಡಿದ್ರು. ಮಸೂದೆ ಒಳ್ಳೇದೋ ಕೆಟ್ಟದ್ದೋ ಅದು ಬೇರೆ ಮಾತು, ನಂಗೂ ಅದರಲ್ಲಿ ಅನುಮಾನ ಇತ್ತು. ಆದ್ರೆ ಕಬ್ಬಿನ ಬೆಲೆಗೆ ಅಂತ ನಮ್ಮ ರೈತ್ರು ಹೆದ್ದಾರೀಲಿ ಕೂತಾಗ ಯಾವ ಸರ್ಕಾರ ಇಷ್ಟು ಬೇಗ ಕಿವಿ ಕೊಟ್ಟಿದೆ?

ಹಾಗಂತ ಎಲ್ಲದ್ರಲ್ಲೂ ಅವರದ್ದೇ ನಡೆಯುತ್ತೆ ಅಂತಲ್ಲ. ಉದ್ಯಮದ ಸಂಘಟನೆಗಳು ಬೇಡ ಬೇಡ ಅಂದ್ರೂ 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ, ಅಂದ್ರೆ ಆ್ಯಪ್ ಮೂಲಕ ಊಟ ತಲುಪಿಸೋರು, ಟ್ಯಾಕ್ಸಿ ಓಡಿಸೋರ ಕಾನೂನು ಬಂತು. ಡೆಲಿವರಿ ಹುಡುಗನಿಗೆ ಕೊಡೋ ದುಡ್ಡಿನ ಮೇಲೆ ಶೇಕಡಾ 1ರಿಂದ 5ರವರೆಗೂ ಕಂಪನಿ ಕ್ಷೇಮನಿಧಿಗೆ ಕಟ್ಬೇಕು, ಸುಮ್ ಸುಮ್ನೆ ಐಡಿ ಬ್ಲಾಕ್ ಮಾಡಿ ಕಳಿಸೋ ಹಾಗಿಲ್ಲ, ಕಾರಣ ಹೇಳಿ 14 ದಿನದ ನೋಟಿಸ್ ಕೊಡ್ಬೇಕು.

ಮೊನ್ನೆ ಕುವೆಂಪುನಗರದ ನಮ್ಮ ಮನೆಗೆ ಊಟ ತಂದ ಹುಡುಗನಿಗೆ ಇದನ್ನ ಹೇಳ್ದೆ, ಕೆ.ಆರ್. ಪೇಟೆ ಕಡೆಯೋನು, ಮಳೇಲಿ ನೆಂದು ತೊಪ್ಪೆಯಾಗಿದ್ದ. ಹೆಲ್ಮೆಟ್ ಗಾಜು ಮೇಲೆತ್ತಿ ಪೂರ್ತಿ ಕೇಳ್ಕೊಂಡ. "ಚೆನ್ನಾಗದೆ ಸಾರ್. ಆದ್ರೆ ಆ ದುಡ್ಡು ನಮ್ ಇನ್ಸೆಂಟಿವಲ್ಲೇ ಮುರ್ಕೊಂಡ್ರೆ?" ಅಂದ. ನಾನು ಏನೋ ಹೇಳೋಕೆ ಹೋದೆ, ಅಷ್ಟರಲ್ಲಿ ಅವನ ಫೋನು ಕುಯ್ ಅಂತು. ಮುಂದಿನ ಆರ್ಡರ್ ಬಂದಿತ್ತು, ಬರ್ತೀನಿ ಸಾರ್ ಅಂತ ಹೊರಟ.