ಹಿತ್ತಿಲ ಗ್ಯಾರೇಜಿಗೆ ಮನೆಯ ಪರವಾನಗಿ

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿರುವ ನಮ್ಮ ಮನೆಯ ಹಿತ್ತಿಲಿನ ಗ್ಯಾರೇಜು. 1940ರ ದಶಕದಲ್ಲಿ ಕಟ್ಟಿದ, ಮುಖ್ಯ ಮನೆಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿರುವ, ಇಪ್ಪತ್ತಕ್ಕೆ ಇಪ್ಪತ್ತು ಅಡಿಯ ಮರದ ಕಟ್ಟಡವಿದು. ನಾವು ಈ ಮನೆಯನ್ನು ಕೊಂಡಾಗಿನಿಂದ ಇದರೊಳಗೆ ಕಾರು ನಿಂತದ್ದಿಲ್ಲ. ಹಳೆಯ ಸೂಟ್‌ಕೇಸುಗಳು, ಮಕ್ಕಳ ಸೈಕಲ್ಲುಗಳು ಮತ್ತು ಗೌರಿ-ಗಣೇಶ ಹಬ್ಬದ ಮಂಟಪದ ಹಲಗೆಗಳು ಮಾತ್ರ ಇಲ್ಲಿ ಜಾಗ ಹಿಡಿದಿದ್ದವು. ಮೈಸೂರಿನಿಂದ ಬಂದು ತಿಂಗಳುಗಟ್ಟಲೆ ನಮ್ಮೊಡನೆ ಇರುವ ಅತ್ತೆಯವರಿಗೆ ಮಹಡಿಯ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿರುವುದರಿಂದ, ಅಡುಗೆಮನೆ, ಬಚ್ಚಲುಮನೆ ಮತ್ತು ಮಲಗುವ ಜಾಗ ಎಲ್ಲವೂ ನೆಲಮಟ್ಟದಲ್ಲಿಯೇ ಇರುವ ಪುಟ್ಟ ಮನೆಯನ್ನಾಗಿ ಇದನ್ನು ಪರಿವರ್ತಿಸಲು ನಗರಾಡಳಿತದ ಪರವಾನಗಿ ಪಡೆದಿದ್ದೇವೆ.

ಈ ವಿಚಾರವನ್ನು ಹೇಳಿದಾಗ ಇಲ್ಲಿನ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಕೇಳಿದ ಮೊದಲ ಪ್ರಶ್ನೆ ಒಂದೇ: ‘ಝೋನಿಂಗ್‌ನವರು ಒಪ್ಪಿದರೇ?’ ಝೋನಿಂಗ್ ಎಂದರೆ ಊರಿನ ಯಾವ ಭಾಗದಲ್ಲಿ ಯಾವ ಬಗೆಯ ಕಟ್ಟಡ ಇರಬಹುದೆಂದು ಹೇಳುವ ವಲಯ ನಿಯಮ. ಈ ಭಯ ಹಳೆಯ ಕಾಲದ್ದು. ಹಿತ್ತಿಲಿನ ಕಟ್ಟಡವನ್ನು ವಾಸದ ಮನೆಯಾಗಿಸಲು ವಲಯ ನಿಯಮದ ಅನುಮತಿ ಕ್ಯಾಲಿಫೋರ್ನಿಯಾದಲ್ಲಿ ಈಗ ಅಧಿಕಾರಿಯ ಕೃಪೆಯನ್ನು ಅವಲಂಬಿಸಿಲ್ಲ, ರಾಜ್ಯದ ಕಾನೂನೇ ಅದನ್ನು ಇತ್ಯರ್ಥಗೊಳಿಸಿದೆ. ನಿಜವಾದ ಪರೀಕ್ಷೆ ಇರುವುದು ಕಟ್ಟಡ ಸಂಹಿತೆಯಲ್ಲಿ, ಅಂದರೆ ಗೋಡೆ, ನೆಲ, ಕಿಟಕಿ ಮತ್ತು ಪೈಪುಗಳಲ್ಲಿ. ಮೊದಲನೆಯದಕ್ಕೆ ಹೆದರಿ ಕೈಬಿಟ್ಟವರನ್ನೂ ಎರಡನೆಯದಕ್ಕೆ ಸಿದ್ಧರಾಗದೆ ಕೈಹಾಕಿದವರನ್ನೂ ನಾನು ನೋಡಿದ್ದೇನೆ. ಆದ್ದರಿಂದ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಹಳೆಯ ಭಯಕ್ಕೆ ಕಾರಣವಿಲ್ಲದಿಲ್ಲ. ನಮಗೆ ಹತ್ತಿರದ ಬರ್ಕ್ಲಿ ನಗರವು 1916ರಲ್ಲಿಯೇ, ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆ ಇರತಕ್ಕದ್ದು ಎಂಬ ವಲಯವನ್ನು ಗುರುತಿಸಿತ್ತು. 1926ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಎತ್ತಿಹಿಡಿದು, ಬಿಡಿ ಮನೆಗಳ ಬಡಾವಣೆಯ ನಡುವೆ ಬರುವ ಅಪಾರ್ಟ್‌ಮೆಂಟನ್ನು ‘ಪರೋಪಜೀವಿ’ ಎಂದು ಕರೆಯಿತು. ಆ ಮಾತಿನ ನೆರಳಿನಲ್ಲಿಯೇ ಈ ದೇಶದ ಬಡಾವಣೆಗಳು ಬೆಳೆದವು. ಹಿತ್ತಿಲಿನಲ್ಲಿ ಇನ್ನೊಂದು ಒಲೆ ಹೂಡಬೇಕೆಂದರೆ ವಿಶೇಷ ಅನುಮತಿಗಾಗಿ ಅರ್ಜಿ ಸಲ್ಲಿಸಿ, ಸಾರ್ವಜನಿಕ ವಿಚಾರಣೆಯಲ್ಲಿ ನಿಂತು, ಬೀದಿಯವರ ಆಕ್ಷೇಪಗಳಿಗೆಲ್ಲ ಉತ್ತರ ಕೊಡಬೇಕಾಗಿತ್ತು. ಕ್ಯಾಲಿಫೋರ್ನಿಯಾ 1982ರಲ್ಲಿ ಇಂಥ ಎರಡನೆಯ ಮನೆಗಳಿಗೆ ಕಾನೂನಿನಲ್ಲಿ ಜಾಗ ಮಾಡಿಕೊಟ್ಟಿತಾದರೂ, ನಗರಗಳು ಷರತ್ತಿನ ಮೇಲೆ ಷರತ್ತು ಹಾಕಿ ಬಾಗಿಲನ್ನು ಅರೆಮುಚ್ಚಿಯೇ ಇಟ್ಟುಕೊಂಡವು.

ಬಾಗಿಲು ತೆರೆದದ್ದು 2017ರ ಜನವರಿಯಿಂದ ಜಾರಿಗೆ ಬಂದ ಕಾನೂನುಗಳಿಂದ. ಅದು ಅಗಲವಾಗಿ ತೆರೆದದ್ದು 2020ರ ಜನವರಿಯಲ್ಲಿ ಜಾರಿಗೆ ಬಂದ ಎರಡನೆಯ ಕಂತಿನಿಂದ. ಇಲ್ಲಿ ಎಲ್ಲರೂ ‘ಎಡಿಯು’ ಎಂದು ಕರೆಯುವ ಈ ಪೂರಕ ಮನೆಗಳಿಗೆ 2016ರಲ್ಲಿ ರಾಜ್ಯದಾದ್ಯಂತ ಸಿಕ್ಕ ಪರವಾನಗಿಗಳು ಸಾವಿರದ ಚಿಲ್ಲರೆ. 2022ರ ಹೊತ್ತಿಗೆ ಅದು ವರ್ಷಕ್ಕೆ ಇಪ್ಪತ್ತು ಸಾವಿರವನ್ನು ದಾಟಿತ್ತು. ಬದಲಾದದ್ದು ಮುಖ್ಯವಾಗಿ ಅಧಿಕಾರಿಯ ಪಾತ್ರ. ಅರ್ಜಿಯು ಬರೆದಿಟ್ಟ ಅಳತೆಗಳಿಗೆ ಹೊಂದುತ್ತದೆಯೇ ಎಂಬುದನ್ನಷ್ಟೇ ಆತ ನೋಡಬೇಕು. ಕಟ್ಟಡ ಆ ಬೀದಿಗೆ ಒಪ್ಪುತ್ತದೆಯೇ, ನೆರೆಯವರಿಗೆ ಇಷ್ಟವೇ ಎಂಬ ವಿವೇಚನೆಗೆ ಅವಕಾಶವಿಲ್ಲ. ವಿಚಾರಣೆಯೂ ಇಲ್ಲ. ಪೂರ್ಣವಾದ ಅರ್ಜಿ ತಲುಪಿದ 60 ದಿನಗಳೊಳಗೆ ನಗರವು ತೀರ್ಮಾನ ಹೇಳದಿದ್ದರೆ ಅರ್ಜಿ ಮಂಜೂರಾಯಿತೆಂದೇ ಕಾನೂನು ಪರಿಗಣಿಸುತ್ತದೆ. ತಿರಸ್ಕರಿಸುವುದಾದರೆ ಕೊರತೆಗಳೇನು, ಅವುಗಳನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು. ಇಲ್ಲಿ ‘ಪೂರ್ಣವಾದ’ ಎಂಬ ವಿಶೇಷಣವನ್ನು ಮರೆಯಬಾರದು. ನಿವೇಶನದ ನಕ್ಷೆ, ಈಗಿರುವ ಮತ್ತು ಆಗಬೇಕಾದ ಕಟ್ಟಡದ ಪ್ಲಾನುಗಳು, ರಚನಾ ಎಂಜಿನಿಯರರ ಲೆಕ್ಕಗಳು, ‘ಟೈಟಲ್ 24’ ಎಂದು ಕರೆಯುವ ಶಕ್ತಿ ಬಳಕೆಯ ವರದಿ ಎಲ್ಲವೂ ಸೇರಿದ ಮೇಲೆಯೇ ದಿನಗಳ ಎಣಿಕೆ ಆರಂಭವಾಗುತ್ತದೆ.

ನಮ್ಮ ಗ್ಯಾರೇಜಿನ ಮಟ್ಟಿಗೆ ಈ ಕಾನೂನು ಕೊಟ್ಟ ದೊಡ್ಡ ವರವೆಂದರೆ ನಿವೇಶನದ ಗಡಿಯಿಂದ ಬಿಡಬೇಕಾದ ಅಂತರದ್ದು, ಅಂದರೆ ಸೆಟ್‌ಬ್ಯಾಕಿನದು. ಹೊಸದಾಗಿ ಕಟ್ಟುವ ಪೂರಕ ಮನೆಯನ್ನು ಪಕ್ಕದ ಮತ್ತು ಹಿಂದಿನ ಗಡಿಗಳಿಂದ 4 ಅಡಿ ಬಿಡುವಂತೆ ನಗರವು ಕೇಳಬಹುದು. ಆದರೆ ಈಗಾಗಲೇ ಇರುವ ಕಟ್ಟಡವನ್ನು ಪರಿವರ್ತಿಸುವಾಗ, ಅಥವಾ ಅದನ್ನು ಕೆಡವಿ ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವಾಗ, ವಲಯ ನಿಯಮದ ಸೆಟ್‌ಬ್ಯಾಕನ್ನು ಕೇಳುವಂತಿಲ್ಲ. ನಮ್ಮ ಗ್ಯಾರೇಜಿನ ಹಿಂದಿನ ಗೋಡೆ ಗಡಿಯಿಂದ ಮೂರು ಅಡಿಯೂ ದೂರವಿಲ್ಲ. ಹಳೆಯ ಕಾನೂನಿನಲ್ಲಿ ಇದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುತ್ತಿತ್ತು. 750 ಚದರ ಅಡಿಗಿಂತ ಚಿಕ್ಕದಾದ ಪೂರಕ ಮನೆಗೆ ನಗರವು ಅಭಿವೃದ್ಧಿಯ ಹೊರೆಗಾಗಿ ವಿಧಿಸುವ ಇಂಪ್ಯಾಕ್ಟ್ ಶುಲ್ಕವೂ ಇಲ್ಲ. ಕಾರು ನಿಲ್ಲಿಸುವ ಜಾಗ ಹೋಯಿತೆಂದು ಬೇರೆ ಜಾಗ ತೋರಿಸಿ ಎನ್ನುವಂತೆಯೂ ಇಲ್ಲ.

ಪಕ್ಕದ ಮನೆಯವರಿಗೆ ಬೇಸರ ತಂದದ್ದು ಈ ಕೊನೆಯ ಅಂಶವೇ. ಬೀದಿಯಲ್ಲಿ ಕಾರುಗಳ ಸಾಲು ಬೆಳೆಯುತ್ತದೆಂಬ ಅವರ ಮಾತು ಸುಳ್ಳಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಗ್ಯಾರೇಜು ಕಾರಿಗೆ ಆಶ್ರಯ ಕೊಟ್ಟು ಎಷ್ಟೋ ಕಾಲವಾಗಿತ್ತು; ಅತ್ತೆಯವರಿಗೆ ಕಾರು ಓಡಿಸಲು ಬರುವುದೂ ಇಲ್ಲ. ಹಾಗೆಂದು ನೆರೆಯವರಿಗೆ ಹೇಳಿದಾಗ, ಮುಂದೆ ಬಾಡಿಗೆಗೆ ಬರುವವರಿಗೆ ಬರುತ್ತದಲ್ಲವೇ ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಇನ್ನು ಒಳಗೆ ಬನ್ನಿ. ಕಟ್ಟಡ ಸಂಹಿತೆಯ ದೃಷ್ಟಿಯಲ್ಲಿ ಗ್ಯಾರೇಜು ಜನ ವಾಸಿಸದ ಕಟ್ಟಡಗಳ ‘ಯು’ ವರ್ಗಕ್ಕೆ ಸೇರಿದ್ದು, ವಾಸದ ಮನೆ ‘ಆರ್-3’ ವರ್ಗಕ್ಕೆ ಸೇರಿದ್ದು. ಬದುಕಲು, ಮಲಗಲು, ಉಣ್ಣಲು, ಅಡುಗೆ ಮಾಡಲು ಮತ್ತು ಶೌಚಕ್ಕೆ ಶಾಶ್ವತ ವ್ಯವಸ್ಥೆ ಇರುವುದನ್ನಷ್ಟೇ ಕಾನೂನು ಪೂರಕ ಮನೆ ಎಂದು ಒಪ್ಪುತ್ತದೆ. ಮಡಿಯಲ್ಲಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುವ ಅತ್ತೆಯವರು ಪಟ್ಟು ಹಿಡಿದು ಕೇಳಿದ ಒಲೆಯೇ ಈ ಕಟ್ಟಡವನ್ನು ಕಾನೂನಿನ ಕಣ್ಣಿನಲ್ಲಿ ಮನೆಯಾಗಿಸಿತು. ಒಲೆಯಿಲ್ಲದೆ ಹಾಸಿಗೆ ಮತ್ತು ಬಚ್ಚಲನ್ನಷ್ಟೇ ಹಾಕಿದ್ದರೆ ಇದು ಮುಖ್ಯ ಮನೆಯ ಹೆಚ್ಚುವರಿ ಕೋಣೆಯಾಗಿ ಉಳಿಯುತ್ತಿತ್ತು, ಮೇಲೆ ಹೇಳಿದ ಯಾವ ರಿಯಾಯಿತಿಯೂ ಅದಕ್ಕೆ ದಕ್ಕುತ್ತಿರಲಿಲ್ಲ.

ಈಗ ಹಿಂದಿನ ಗೋಡೆಯನ್ನು ಹತ್ತಿರದಿಂದ ನೋಡಿ. ಸೆಟ್‌ಬ್ಯಾಕಿನ ವಿಷಯದಲ್ಲಿ ವಲಯ ನಿಯಮ ಬಿಟ್ಟುಕೊಟ್ಟದ್ದನ್ನು ಬೆಂಕಿಯ ನಿಯಮ ಬಿಟ್ಟುಕೊಡುವುದಿಲ್ಲ. ಗಡಿಯಿಂದ 5 ಅಡಿಗಿಂತ ಹತ್ತಿರವಿರುವ ಗೋಡೆ ಒಂದು ಗಂಟೆಯ ಕಾಲ ಬೆಂಕಿಯನ್ನು ತಡೆಯುವಂತಿರಬೇಕು. 3 ಅಡಿಗಿಂತ ಹತ್ತಿರವಿದ್ದರೆ ಅದರಲ್ಲಿ ಕಿಟಕಿಯನ್ನೇ ಇಡುವಂತಿಲ್ಲ. ಈ ಗೋಡೆಗೆ 5/8 ಇಂಚು ದಪ್ಪದ ‘ಟೈಪ್ ಎಕ್ಸ್’ ಎಂಬ ಬೆಂಕಿ ತಡೆಯುವ ಜಿಪ್ಸಂ ಹಲಗೆಯನ್ನು ಒಳಗೂ ಹೊರಗೂ ಹೊಡೆಯುವುದು ಇದಕ್ಕಾಗಿಯೇ, ಹೊರಗಿನ ಹಲಗೆಯ ಮೇಲೆ ಗಾರೆಯ ಹೊದಿಕೆ ಬರುತ್ತದೆ. ಇಂಥ ಅಳತೆ ಹಿಡಿಯುವಾಗ ಬೇಲಿಯೇ ಗಡಿಯೆಂದು ನಂಬಬಾರದು. ಹಳೆಯ ಬಡಾವಣೆಗಳಲ್ಲಿ ಬೇಲಿ ಎಲ್ಲೆಲ್ಲೋ ನಿಂತಿರುತ್ತದೆ. ಸರ್ವೆ ಮಾಡಿಸಿ ಗಡಿಯನ್ನು ಗುರುತಿಸಿಕೊಳ್ಳುವುದು ಮೊದಲ ಕೆಲಸವಾಗಬೇಕು, ಏಕೆಂದರೆ ಕೆಲವೇ ಇಂಚುಗಳ ವ್ಯತ್ಯಾಸದಿಂದ ಒಂದು ಕಿಟಕಿ ಉಳಿಯಬಹುದು ಅಥವಾ ಹೋಗಬಹುದು.

ಕಿಟಕಿಯ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ವಾಸದ ಕೋಣೆಯ ನೆಲದ ವಿಸ್ತೀರ್ಣದ ನೂರಕ್ಕೆ 8ರಷ್ಟು ಗಾಜು, ನೂರಕ್ಕೆ 4ರಷ್ಟು ಗಾಳಿಗೆ ತೆರೆಯುವ ಜಾಗ ಬೇಕು. ಬಚ್ಚಲನ್ನು ಲೆಕ್ಕದಿಂದ ಬಿಡದೆ ಇಡೀ 400 ಚದರ ಅಡಿಗೆ ಹಿಡಿದರೂ ಗಾಜು 32 ಚದರ ಅಡಿ ಆಗುತ್ತದೆ. ಹಿಂದಿನ ಗೋಡೆ ಕುರುಡು, ಎಡಗೋಡೆಗೆ ಬಚ್ಚಲು ಬಂದಿದೆ. ಹಾಗಾದರೆ ಬೆಳಕು ಬರಬೇಕಾದದ್ದು ಎಲ್ಲಿಂದ? ನಮ್ಮ ವಾಸ್ತುಶಿಲ್ಪಿ ಬೆರಳು ತೋರಿಸಿದ್ದು ಕಾರು ಬರಲೆಂದು ಬಿಟ್ಟಿದ್ದ 16 ಅಡಿ ಅಗಲದ ಬಾಗಿಲಿನತ್ತ. ಅಷ್ಟು ಅಗಲದ ತೆರಪಿನ ಮೇಲೆ ಭಾರ ಹೊರುವ ತೊಲೆ ಮೊದಲೇ ಇದೆ. ಅದರ ಕೆಳಗೆ ಒಂದಷ್ಟು ಭಾಗಕ್ಕೆ ಗಟ್ಟಿ ಗೋಡೆ ಕಟ್ಟಿ ಉಳಿದದ್ದಕ್ಕೆ ಗಾಜಿನ ಬಾಗಿಲು ಮತ್ತು ಕಿಟಕಿ ಕೂಡಿಸಿದರೆ ಬೆಳಕಿನ ಲೆಕ್ಕವೂ ತುಂಬುತ್ತದೆ, ಭೂಕಂಪದ ನಾಡಿನಲ್ಲಿ ಎರಡು ಬದಿಯ ಸಣ್ಣ ತುಂಡುಗೋಡೆಗಳ ಮೇಲೆ ನಿಂತಿದ್ದ ಮುಂಭಾಗಕ್ಕೆ ಬಲವೂ ಬರುತ್ತದೆ. ಮಲಗುವ ಜಾಗದ ಕಿಟಕಿಗೆ ಇನ್ನೊಂದು ನಿಯಮವಿದೆ. ಬೆಂಕಿ ಬಿದ್ದಾಗ ಅದರ ಮೂಲಕ ಮನುಷ್ಯ ಹೊರಬರುವಂತಿರಬೇಕಾದ್ದರಿಂದ, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು, ನೆಲಮಟ್ಟದ ಕೋಣೆಯಾದರೆ ಕನಿಷ್ಠ 5 ಚದರ ಅಡಿಯ ತೆರಪು ಸಿಗಬೇಕು. ಎಂಬತ್ತರ ಹತ್ತಿರದ ಹೆಂಗಸು ಆ ಕಿಟಕಿಯನ್ನು ಏರಿ ಹೊರಬರುವುದನ್ನು ಊಹಿಸಲಾಗದೆ, ನಾವು ಅಲ್ಲಿ ಹೊರಗೆ ತೆರೆಯುವ ಬಾಗಿಲನ್ನೇ ಇಡಿಸಿದೆವು.

ನೆಲದ ಕಥೆ ಬೇರೆ. ಗ್ಯಾರೇಜಿನ ಕಾಂಕ್ರೀಟಿಗೆ ಬಾಗಿಲಿನ ಕಡೆ ವಾಟ ಕೊಟ್ಟಿರುತ್ತಾರೆ, ಒಳಗೆ ಬಿದ್ದ ನೀರು ಹೊರಗೆ ಹರಿದುಹೋಗಲಿ ಎಂದು. ಅದರಡಿ ನೆಲದ ತೇವವನ್ನು ತಡೆಯುವ ಪ್ಲಾಸ್ಟಿಕ್ ಹಾಳೆ ಇರುವುದಿಲ್ಲ. ನಮ್ಮಲ್ಲಿ ಗೋಡೆಯ ಬುಡದ ಮರ ಮಣ್ಣಿಗೆ ಎಷ್ಟು ಹತ್ತಿರವಿತ್ತೆಂದರೆ, ಹಲಗೆ ಕಿತ್ತಾಗ ಒಂದು ಮೂಲೆಯನ್ನು ಗೆದ್ದಲು ಪುಡಿಮಾಡಿ ಇಟ್ಟಿತ್ತು. ಬೆರಳು ಒತ್ತಿದರೆ ಒಳಗೇ ಇಳಿಯುತ್ತಿತ್ತು. ಆ ಬುಡದ ಮರವನ್ನು ತೆಗೆದು, ಸುತ್ತ ಕಾಂಕ್ರೀಟಿನ ಅಂಚು ಕಟ್ಟಿ, ನೆಲಕ್ಕೆ ತೇವ ತಡೆಯುವ ಪದರ ಹಾಸಿ ಮಟ್ಟ ಮಾಡಬೇಕಾಯಿತು. ಮೇಲೆ ಕನಿಷ್ಠ 7 ಅಡಿ ಎತ್ತರ ಸಿಗಬೇಕೆಂಬ ನಿಯಮವಿರುವುದರಿಂದ ನೆಲವನ್ನು ಬೇಕಾದಷ್ಟು ಏರಿಸುವಂತೆಯೂ ಇರಲಿಲ್ಲ.

ಅತ್ಯಂತ ದುಬಾರಿಯಾದದ್ದು ಕಣ್ಣಿಗೆ ಕಾಣದ ಕೆಲಸ. ಬೀದಿಯ ಒಳಚರಂಡಿ ಮನೆಯ ಮುಂದೆ ಇದೆ, ಗ್ಯಾರೇಜು ಹಿಂದೆ ಇದೆ. ಕೊಳಾಯಿ ಸಂಹಿತೆಯ ಪ್ರಕಾರ ಕಕ್ಕಸಿನ ಪೈಪು ಪ್ರತಿ ಅಡಿಗೆ ಕಾಲು ಇಂಚು ಇಳಿಯುತ್ತಾ ಹೋಗಬೇಕು. 60 ಅಡಿ ದೂರ ಸಾಗಿದರೆ ಅದು 15 ಇಂಚು ಕೆಳಗಿರುತ್ತದೆ. ಮುಖ್ಯ ಮನೆಯ ಪೈಪು ಅದಕ್ಕಿಂತ ಆಳದಲ್ಲಿದ್ದರೆ ಸರಿ, ಇಲ್ಲದಿದ್ದರೆ ಪಂಪು ಕೂರಿಸಬೇಕಾಗುತ್ತದೆ. ಪ್ಲಾನು ಬರೆಸುವ ಮೊದಲೇ ಕ್ಯಾಮೆರಾ ಇಳಿಸಿ ಹಳೆಯ ಪೈಪಿನ ಆಳವನ್ನು ನೋಡಿಸಿಕೊಳ್ಳಿ ಎಂಬುದು ನಾನು ಎಲ್ಲರಿಗೂ ಕೊಡುವ ಸಲಹೆ. ಇದಕ್ಕೆ ಹೋಲಿಸಿದರೆ ವಿದ್ಯುತ್ತಿನ ಪ್ಯಾನೆಲನ್ನು ದೊಡ್ಡದು ಮಾಡಿಸುವುದು, ಕೋಣೆಯನ್ನು 68 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಡಬಲ್ಲ ಹೀಟ್ ಪಂಪು ಕೂರಿಸುವುದು ಎಲ್ಲವೂ ಸಲೀಸು. ಮುಖ್ಯ ಮನೆಗೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕಡ್ಡಾಯವಲ್ಲದಿದ್ದರೆ ಪೂರಕ ಮನೆಗೂ ಅದನ್ನು ಕೇಳುವಂತಿಲ್ಲ.

ಪರವಾನಗಿಯ ಗೊಡವೆಯೇ ಬೇಡವೆಂದು ಗ್ಯಾರೇಜಿನಲ್ಲಿ ಸದ್ದಿಲ್ಲದೆ ಮನೆ ಮಾಡಿಕೊಂಡವರು ಈ ಕಣಿವೆಯಲ್ಲಿ ಬಹಳ ಮಂದಿ ಇದ್ದಾರೆ. 2020ಕ್ಕಿಂತ ಮುಂಚೆ ಹಾಗೆ ಆದ ಮನೆಗಳಿಗೆ, ವಾಸಕ್ಕೆ ಅಪಾಯಕಾರಿಯಾದ ದೋಷಗಳಿದ್ದರೆ ಹೊರತು, ಪರವಾನಗಿ ನಿರಾಕರಿಸುವಂತಿಲ್ಲವೆಂದು 2024ರಲ್ಲಿ ರಾಜ್ಯವು ಕಾನೂನನ್ನು ಹಿಗ್ಗಿಸಿದೆ. ಬೆಂಗಳೂರಿನವರಿಗೆ ಇಲ್ಲಿ ಅಕ್ರಮ-ಸಕ್ರಮ ನೆನಪಾಗುವುದು ಸಹಜ. ಆದರೆ ಆ ಯೋಜನೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿತು. ಅದರ ಲೆಕ್ಕಾಚಾರ ಶುಲ್ಕದ ಸುತ್ತ ನಿಂತಿತ್ತು, ಇಲ್ಲಿಯದು ಕಟ್ಟಡ ವಾಸಕ್ಕೆ ಸುರಕ್ಷಿತವೇ ಎಂಬ ತಪಾಸಣೆಯ ಸುತ್ತ ನಿಂತಿದೆ. ಎರಡನೆಯ ಕ್ರಮವೇ ನನಗೆ ಸರಿಯೆನಿಸುತ್ತದೆ.

ಕಡೆಯದಾಗಿ, ಹಣದ ಬಗ್ಗೆ ಕೇಳುವವರಿಗೆ. ಅತ್ತೆಯವರು ಮೈಸೂರಿಗೆ ಮರಳಿದಾಗ ಈ ಮನೆಯನ್ನು ಬಾಡಿಗೆಗೆ ಕೊಡಬಹುದು, ಆದರೆ ಬಾಡಿಗೆ 30 ದಿನಗಳಿಗಿಂತ ಕಡಿಮೆ ಅವಧಿಯದಾಗಬಾರದೆಂದು ನಗರವು ಷರತ್ತು ಹಾಕಬಹುದು. ನಮ್ಮ ಊರಿನಲ್ಲಿ ಹಾಕಿದೆ. ಪೂರಕ ಮನೆಯನ್ನು ಪ್ರತ್ಯೇಕವಾಗಿ ಮಾರಲು ಅವಕಾಶ ಕೊಡುವ ಆಯ್ಕೆಯನ್ನು 2023ರ ಕಾನೂನು ನಗರಗಳಿಗೆ ಬಿಟ್ಟಿದೆ, ಅದನ್ನು ಮೊದಲು ಬಳಸಿಕೊಂಡದ್ದು 2024ರಲ್ಲಿ ಸ್ಯಾನ್ ಹೋಸೆ. ಇನ್ನು ಆಸ್ತಿ ತೆರಿಗೆ: 1978ರ ‘ಪ್ರೊಪೊಸಿಷನ್ 13’ ಎಂಬ ಆಸ್ತಿ ತೆರಿಗೆಯ ಕಾನೂನಿನ ಪ್ರಕಾರ ಹೊಸ ನಿರ್ಮಾಣದ ಮೌಲ್ಯವಷ್ಟೇ ಹಳೆಯ ಮೌಲ್ಯಕ್ಕೆ ಸೇರುತ್ತದೆ, ಇಡೀ ಮನೆಯನ್ನು ಇಂದಿನ ಮಾರುಕಟ್ಟೆ ಬೆಲೆಗೆ ಏರಿಸುವುದಿಲ್ಲ. ಜಿಪ್ಸಂ ಹಲಗೆ ಹೊಡೆದು ಗೋಡೆಯನ್ನು ಮುಚ್ಚುವ ಮೊದಲು ಒಳಗಿನ ವೈರು ಮತ್ತು ಪೈಪುಗಳನ್ನು ತಪಾಸಕರು ಬಂದು ನೋಡಬೇಕಾಗಿದೆ. ಅವರು ಸಹಿ ಹಾಕಿದ ಮೇಲೆ ಮುಂದಿನ ವಿಡಿಯೊದಲ್ಲಿ ಅಡುಗೆಮನೆಯ ಕೆಲಸವನ್ನು ತೋರಿಸುತ್ತೇನೆ.