ನಡುಹಾಳೆ ಇಲ್ಲದ ಇಂದ್ರಜಾಲ

(ಹಳೆಯ ಕಾಮಿಕ್ಸ್ ಓದುಗರ, ಸಂಗ್ರಾಹಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಪುಸ್ತಕವನ್ನೊಮ್ಮೆ ನೋಡಿ. ಕನ್ನಡದ ಇಂದ್ರಜಾಲ ಕಾಮಿಕ್ಸ್. ಮುಖಪುಟದ ಬಲಗಡೆ ಕೆಳಮೂಲೆ ಸವೆದು ಹಳೇ ಸೀರೆಯ ಹಾಗೆ ಮೆತ್ತಗಾಗಿದೆ; ಎಷ್ಟೋ ಮಕ್ಕಳು ಅಲ್ಲೇ ಬೆರಳಿಟ್ಟು ಹಾಳೆ ತಿರುವಿದ್ದಾರೆ. ಒಳಗೆ ಸರ್ಕ್ಯುಲೇಟಿಂಗ್ ಲೈಬ್ರರಿಯ ನೇರಳೆ ಮೊಹರು, ಅರ್ಧ ಅಳಿಸಿಹೋಗಿದೆ. ಎರಡೂ ಪಿನ್ನಿಗೆ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಕೂತಿದೆ. ನಡುಹಾಳೆ ಇಲ್ಲ. ನಡುಹಾಳೆ ಇಲ್ಲ ಅಂದರೆ ನಾಲ್ಕು ಪುಟ ಇಲ್ಲ. ಒಂದು ಪುಟದಲ್ಲಿ ಕಾಡು ಕಾಯುವ ಮುಖವಾಡದ ವೀರ ಫ್ಯಾಂಟಮ್ ಕೈಕಾಲು ಕಟ್ಟಿಸಿಕೊಂಡು ನೆಲಮಾಳಿಗೆಯಲ್ಲಿ ಬಿದ್ದಿದ್ದಾನೆ. ಹಾಳೆ ತಿರುವಿದರೆ ತನ್ನ ಕುದುರೆ 'ಹೀರೋ' ಮೇಲೆ ಕೂತು ಹೋಗುತ್ತಿದ್ದಾನೆ. ಹೇಗೆ ಬಿಡಿಸಿಕೊಂಡ? ಹತ್ತು ವರ್ಷದವಳಿದ್ದಾಗ ಓದಿದ್ದು. ಅದು ಗೊತ್ತಾಗಲು ನನಗೆ ಐವತ್ತು ದಾಟಬೇಕಾಯಿತು.

ನಾನು ಬೆಳೆದದ್ದು ದಾವಣಗೆರೆಯ ಹಳೇ ಊರಿನಲ್ಲಿ. ಬೀದಿ ತುದಿಗೆ ಸೈಕಲ್ ಶಾಪು, ಅದರ ಪಕ್ಕಕ್ಕೆ ಲೈಬ್ರರಿ. ಲೈಬ್ರರಿ ಅಂದರೆ ಎಂಟಡಿ ಅಗಲದ ಒಂದು ಕೋಣೆ. ಗೋಡೆಯಿಂದ ಗೋಡೆಗೆ ಹಗ್ಗ ಎಳೆದು, ಬಟ್ಟೆ ಒಣಹಾಕಿದ ಹಾಗೆ ಕಾಮಿಕ್ಸ್ ನೇತುಹಾಕಿರುತ್ತಿದ್ದರು. ಬೆಂಚಿನ ಮೇಲೆ ಕೂತು ಓದಿದರೆ ಐದು ಪೈಸೆ, ಮನೆಗೆ ಒಯ್ದರೆ ಹತ್ತು ಪೈಸೆ. ಬೆಂಚಿನ ಮೇಲೆ ಬರೀ ಗಂಡುಹುಡುಗರು. ಹೆಣ್ಣುಮಕ್ಕಳು ಕೂರಬಾರದು ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಆದರೂ ನಮಗೆ ಅದು ಗೊತ್ತಿತ್ತು. ಅಣ್ಣ ಮನೆಗೆ ತರುತ್ತಿದ್ದ. ಅವನು ಓದಿ, ಅವನ ಗೆಳೆಯ ಓದಿ, ಸಂಜೆ ವಾಪಸ್ಸು ಕೊಡುವ ಮುಂಚೆ ಅರ್ಧ ಗಂಟೆ ನನ್ನ ಪಾಲಿಗೆ. ಅಡುಗೆಮನೆ ಕಿಟಕಿಯ ಕೆಳಗೆ ಅಕ್ಕಿ ಆರಿಸುವ ಮೊರದಲ್ಲಿ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಕಲ್ಲು ಆರಿಸುತ್ತಿದ್ದಾಳೆ ಅಂದುಕೊಂಡು ಅಮ್ಮ ಸುಮ್ಮನಿರುತ್ತಿದ್ದರು.

ಇಲ್ಲಿರುವ ಹಿರಿಯರಿಗೆ ಇಂದ್ರಜಾಲದ ಚರಿತ್ರೆ ಬಾಯಿಪಾಠ. ಹೊಸಬರಿಗಾಗಿ ಎರಡು ಮಾತು. ಟೈಮ್ಸ್ ಆಫ್ ಇಂಡಿಯಾ ನಡೆಸುವ ಬೆನೆಟ್ ಕೋಲ್‌ಮನ್ ಸಂಸ್ಥೆ 1964ರ ಮಾರ್ಚ್‌ನಲ್ಲಿ ಇದನ್ನು ಆರಂಭಿಸಿತು. ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ನವೇ. ಆಮೇಲೆ ಮ್ಯಾಂಡ್ರೇಕ್ ಬಂದ, ಫ್ಲಾಶ್ ಗಾರ್ಡನ್ ಬಂದ, ರಿಪ್ ಕರ್ಬಿ ಬಂದ. 1976ರಲ್ಲಿ ಆಬಿದ್ ಸುರತಿಯವರ ಬಹಾದೂರ್ ಬಂದ. ಜೀನ್ಸ್ ಪ್ಯಾಂಟಿನ ಮೇಲೆ ಕುರ್ತಾ ತೊಟ್ಟ, ನಮ್ಮದೇ ನೆಲದ ಹೀರೋ. 1990ಕ್ಕೆ ಎಲ್ಲ ಮುಗಿಯಿತು. ಫ್ಯಾಂಟಮ್‌ನನ್ನು ಅಮೆರಿಕದ ಲೀ ಫಾಕ್ ಸೃಷ್ಟಿಸಿದ್ದು 1936ರಲ್ಲಿ. ಆದರೆ ನಮ್ಮ ಕಣ್ಣಲ್ಲಿ ಅವನ ರೂಪ ನಿಂತದ್ದು ಬಿ. ಗೋವಿಂದ್ ಅವರ ಕುಂಚದಿಂದ. ಆರಂಭದ ಆ ಬಣ್ಣದ ಮುಖಪುಟಗಳನ್ನು ಬರೆದದ್ದು ಅವರೇ. ಒಳಗಿನ ಚಿತ್ರ ಅಮೆರಿಕದ್ದು, ಹೊರಗಿನದು ಮುಂಬೈಯದು. ಮುಖಪುಟ ಕಿತ್ತುಹೋದ ಪ್ರತಿ ಸಿಕ್ಕಾಗ ನಮ್ಮಲ್ಲಿ ಕೆಲವರು ನಿಟ್ಟುಸಿರು ಬಿಡುವುದು ಅದಕ್ಕೇ.

ಹೊಸದಾಗಿ ಸಂಗ್ರಹ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದಿದೆ: "123, 124 ಎಲ್ಲೂ ಸಿಗ್ತಿಲ್ಲ, ನಿಮ್ಮ ಹತ್ರ ಇದೆಯಾ?" ಆ ಎರಡು ಸಂಚಿಕೆ ಅಚ್ಚೇ ಆಗಲಿಲ್ಲ. ಆಗ ಟೈಮ್ಸ್‌ನಲ್ಲಿ ಮುಷ್ಕರ ನಡೆದಿತ್ತು. ಅಂಕಿ ಮುಂದೆ ಹೋಯಿತು, ಪುಸ್ತಕ ಬರಲಿಲ್ಲ. ಹಾಗಾಗಿ 805ರ ತನಕ ಎಣಿಕೆ ಇದ್ದರೂ ಬಂದದ್ದು 803. ಇದನ್ನು ನನಗೆ ಹೇಳಿಕೊಟ್ಟವರು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಮಾರುವ ಹಿರಿಯರೊಬ್ಬರು. ಅವರು ಬಯಸಿದ್ದರೆ, "ಹುಡುಕಿಸ್ತೀನಿ, ಮುಂಗಡ ಕೊಡಿ" ಅನ್ನಬಹುದಿತ್ತು. ಅನ್ನಲಿಲ್ಲ. "ಅಮ್ಮಾ, ಅದನ್ನ ಹುಡುಕ್ಬೇಡಿ, ಇಲ್ಲ ಅದು" ಅಂದರು. ನಮ್ಮ ಬಳಗದ ನಿಜವಾದ ಆಸ್ತಿ ಯಾವುದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮಾತು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಸಮಾನತೆಯ ವಿಷಯ. ಸುಮ್ಮನೆ ಒಳ್ಳೆಯ ಮಾತಾಗಿ ಹೇಳುತ್ತಿಲ್ಲ. ಸಂಗ್ರಹ ಎಂಬುದರೊಳಗೇ ಮೇಲುಕೀಳಿನ ಬೀಜ ಇದೆ. ಯಾರ ಬಳಿ ಎಷ್ಟಿದೆ, ಯಾರದು ಎಷ್ಟು ಸ್ವಚ್ಛ, ಯಾರದು ಮೊದಲ ಅಂಕಿ. ಎರಡು ಗಂಟೆ ಕೂತರೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ಭಾಷೆಯದನ್ನು ನೋಡಿ. ಇಂದ್ರಜಾಲ ಇಂಗ್ಲಿಷ್, ಹಿಂದಿಯಲ್ಲಿ ಬಂದ ಹಾಗೆ ಬಂಗಾಳಿ, ತಮಿಳು, ಮಲಯಾಳಂ, ಕನ್ನಡಗಳಲ್ಲೂ ಬಂತು. ಆದರೆ ಇಂಗ್ಲಿಷ್ ಪ್ರತಿಗಳಷ್ಟು ಚೆನ್ನಾಗಿ ನಮ್ಮವು ಉಳಿಯಲಿಲ್ಲ. ಯಾಕೆ? ಇಂಗ್ಲಿಷ್ ಪುಸ್ತಕ ಕೊಂಡ ಮನೆಯಲ್ಲಿ ಕಪಾಟಿತ್ತು. ಕನ್ನಡದ್ದು ಹಗ್ಗದ ಮೇಲೆ ತೂಗಿತು, ಕೈಯಿಂದ ಕೈಗೆ ಹೋಯಿತು, ಬೈಂಡಿಂಗ್‌ನವನು ಹತ್ತು ಸೇರಿಸಿ ರಟ್ಟು ಹಾಕಿ ದಾರದಲ್ಲಿ ಹೊಲಿದ, ಅಂಚು ಕತ್ತರಿಸಿದ. ಕೊನೆಗೆ ಲೈಬ್ರರಿ ಮುಚ್ಚಿದಾಗ ತೂಕಕ್ಕೆ ಹೋಯಿತು, ಕಡಲೆಬೀಜದ ಪೊಟ್ಟಣವಾಯಿತು. ಇಂಗ್ಲಿಷ್ ಪ್ರತಿಯ ಬೆಲೆ ಏರಿದಾಗ "ಕನ್ನಡದ್ದು ಯಾರಿಗೆ ಬೇಕು, ಎಲ್ಲ ಹರಿದಿರುತ್ತೆ" ಅನ್ನುವ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಹರಿದಿದೆ, ನಿಜ. ಐವತ್ತು ಮಕ್ಕಳು ಓದಿದ ಪುಸ್ತಕ ಹರಿಯದೆ ಇನ್ನೇನಾಗಬೇಕು? ಈ ಮೆತ್ತಗಾದ ಮೂಲೆ ನನ್ನ ಕಣ್ಣಿಗೆ ಊನವಾಗಿ ಕಾಣುವುದಿಲ್ಲ.

ಇಲ್ಲೊಂದು ಪಕ್ಕದ ಮಾತು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರ ಸುಮಾರಿಗೆ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಸಿಂಡರೆಲ್ಲಾದಂಥ ಪಶ್ಚಿಮದ ಕಥೆಗಳು ಅವು. ಅದಕ್ಕೇ ಎಲ್ಲರೂ ಮೊದಲನೆಯದು ಅಂದುಕೊಳ್ಳುವ 'ಕೃಷ್ಣ' ಪುಸ್ತಕದ ಅಂಕಿ 11. ದೇಶಕ್ಕೆಲ್ಲ ಗೊತ್ತಿರುವ ಮಾಲಿಕೆಯೊಂದು ಕನ್ನಡದಲ್ಲಿ ಕಣ್ಣುಬಿಟ್ಟದ್ದು ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ತಿಳಿಯದು. ಇದನ್ನು ಹೋದಲ್ಲಿ ಬಂದಲ್ಲಿ ಹೇಳಿ.

ಇನ್ನು ಕಥೆಯೊಳಗಿನದು. ಇದು ನನಗೆ ಕಷ್ಟದ ಭಾಗ, ಆದರೆ ಹೇಳದೆ ಬಿಡಲಾರೆ. ಬಿಳಿಯ ಮನುಷ್ಯನೊಬ್ಬ ತಲೆಬುರುಡೆಯ ಆಕಾರದ ಗುಹೆಯಲ್ಲಿ ಸಿಂಹಾಸನದ ಮೇಲೆ ಕೂರುತ್ತಾನೆ; ಕಾಡಿನ ಕಪ್ಪು ಜನ ಅವನಿಗೆ ಸಾವಿಲ್ಲವೆಂದು ನಂಬಿ ತಲೆಬಾಗುತ್ತಾರೆ. ಅಪ್ಪ ಸತ್ತರೆ ಮಗ ಗುಟ್ಟಾಗಿ ಅದೇ ಮುಖವಾಡ ತೊಡುತ್ತಾನೆ; ಇಪ್ಪತ್ತೊಂದು ತಲೆಮಾರಿನಿಂದ ಹೀಗೇ. ನಾವು ಮೊರದ ಮುಂದೆ ಕೂತು ಅವನ ಪರ ಚಪ್ಪಾಳೆ ಹೊಡೆದೆವು. ಭಾರತಕ್ಕೆ ಬಂದಾಗ ಪ್ರಕಾಶಕರಿಗೇ ಇದರಲ್ಲಿ ಕೆಲವು ಚುಚ್ಚಿದವು. ಫ್ಯಾಂಟಮ್‌ನ ನಾಡಿನ ಹೆಸರು ಬಂಗಾಳದ ಹಾಗೆ ಕೇಳುತ್ತದೆಂದು ಅದನ್ನು ಡೆಂಕಾಲಿ ಮಾಡಿದರು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಫ್ಯಾಂಟಮ್‌ನ ತಂದೆಯನ್ನು ಕೊಂದ ರಾಮ, ರಾಮಲು ಆದ. ಹೊಸೂರಿನ ಹತ್ತಿರದ ಡೆಂಕಣಿಕೋಟೆಯ ಹೆಸರು ಕೇಳಿ ಬೆಳೆದ ನಮಗೆ ಡೆಂಕಾಲಿ ಹೊರದೇಶ ಅನ್ನಿಸಲೇ ಇಲ್ಲ. ಹೆಸರು ಬದಲಾಯಿತು, ಸಿಂಹಾಸನ ಹಾಗೇ ಉಳಿಯಿತು.

ಲೀ ಫಾಕ್ ಕೂಡ ಕಾಲದ ಜೊತೆ ನಡೆದರು ಅನ್ನುವುದನ್ನೂ ಹೇಳಬೇಕು. ಆಫ್ರಿಕದ ನಾಡುಗಳು ಸ್ವತಂತ್ರವಾಗುತ್ತಿದ್ದ 1960ರ ದಶಕದಲ್ಲಿ ಅವರು ಡಾಕ್ಟರ್ ಲುವಾಗಾ ಅನ್ನುವ ಕಪ್ಪು ವೈದ್ಯನನ್ನು ಜನ ಆರಿಸಿದ ಅಧ್ಯಕ್ಷನನ್ನಾಗಿ ತಂದರು. ಅಷ್ಟು ಸಾಕೇ? ನನಗೆ ಸಾಲದು. ಪ್ರೀತಿಸಿದ ಪುಸ್ತಕದ ತಪ್ಪನ್ನು ಪ್ರೀತಿಸಿದವರೇ ಹೇಳಬೇಕು. ಹೊರಗಿನವರು ಹೇಳಿದಾಗ ಮುನಿಸಿಕೊಳ್ಳುವುದು ಸಲ್ಲದು. ನಮ್ಮ ಕೂಟದಲ್ಲಿ ಕಾಲೇಜು ಹುಡುಗಿಯೊಬ್ಬಳು ಈ ಪ್ರಶ್ನೆ ಎತ್ತಿದಾಗ ಹಿರಿಯರು ಕೆಲವರು ಆಕೆಯ ಬಾಯಿ ಮುಚ್ಚಿಸಲು ನೋಡಿದರು. ಆಕೆ ಮುಂದಿನ ತಿಂಗಳು ಬರಲಿಲ್ಲ. ನಾನೂ ಅಲ್ಲೇ ಕೂತಿದ್ದೆ, ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಆ ಬೆಂಚು ನೆನಪಾಯಿತು. ಬೋರ್ಡು ಇರಲಿಲ್ಲ, ಆದರೂ ಆಕೆಗೆ ಅರ್ಥವಾಯಿತು.

ಇದೇ ಫ್ಯಾಂಟಮ್‌ನನ್ನು ಪಪುವಾ ನ್ಯೂಗಿನಿಯ ವಾಹ್ಗಿ ಕಣಿವೆಯ ಜನ ಏನು ಮಾಡಿದರು ಗೊತ್ತೇ? ತಮ್ಮ ಕಾಳಗದ ಗುರಾಣಿಗಳ ಮೇಲೆ ಬರೆದುಕೊಂಡರು. ಆಳೆತ್ತರದ ಗುರಾಣಿ, ಅದರ ಮೇಲೆ ಮುಖವಾಡ ತೊಟ್ಟ ಫ್ಯಾಂಟಮ್, ಅವರದೇ ಬಣ್ಣಗಳಲ್ಲಿ. ಸಾವಿಲ್ಲದವನ ಚಿತ್ರ ಎದುರಿಗಿದ್ದರೆ ಬಾಣ ತಾಗದು ಅನ್ನುವ ಭಾವ. ಅಂಥ ಗುರಾಣಿಗಳು ಇವತ್ತು ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಚಿತ್ರ ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಸಿಂಹಾಸನದಿಂದ ಇಳಿಸಿ ಅವನನ್ನು ತಮ್ಮ ಕಾವಲಿಗೆ ನಿಲ್ಲಿಸಿಕೊಂಡಿದ್ದಾರೆ ಅನ್ನಿಸಿತು. ಇಟಲಿಯವರಿಗೆ ಅವನ ಉಡುಪು ಕೆಂಪು, ಸ್ವೀಡನ್ನಿನವರಿಗೆ ನೀಲಿ, ನಮಗೆ ನೇರಳೆ. ಆಸ್ಟ್ರೇಲಿಯದಲ್ಲಿ 1948ರಿಂದ, ಸ್ವೀಡನ್ನಿನಲ್ಲಿ 1950ರಿಂದ ಅವನ ಪುಸ್ತಕ ಬರುತ್ತಲೇ ಇದೆ. ಯಾರ ಫ್ಯಾಂಟಮ್ ಅಸಲಿ ಅಂತ ಜಗಳವಾಡುವವರಿಗೆ ನಾನು ವಾಹ್ಗಿಯ ಗುರಾಣಿ ತೋರಿಸುತ್ತೇನೆ.

ಹೆಣ್ಣುಮಕ್ಕಳ ಮಾತು. ಹದಿನೇಳನೆಯ ಫ್ಯಾಂಟಮ್‌ಗೆ ಜೂಲಿ ಅಂತ ಅವಳಿ ತಂಗಿ. ಅಣ್ಣ ಏಳಲಾಗದೆ ಮಲಗಿದಾಗ ಅದೇ ಉಡುಪು ತೊಟ್ಟು, ಅದೇ ಮುಖವಾಡ ಕಟ್ಟಿ ಕಾಡು ಕಾಯಲು ಹೊರಟವಳು ಅವಳು. ಆ ಕಥೆ ನಾನು ಓದಿದ್ದು ದೊಡ್ಡವಳಾದ ಮೇಲೆ. ಮೊರದ ಮುಂದಿನ ಹುಡುಗಿಗೆ ಅದು ಸಿಕ್ಕಿದ್ದರೆ! ಇನ್ನು ನಮ್ಮ ಫ್ಯಾಂಟಮ್‌ನ ಪ್ರೇಯಸಿ ಡಯಾನಾ ಪಾಮರ್ ವಿಶ್ವಸಂಸ್ಥೆಯಲ್ಲಿ ನರ್ಸು, ಒಲಿಂಪಿಕ್ ಡೈವಿಂಗ್ ಪಟು. ಅವರಿಬ್ಬರ ಮದುವೆಯಾಗುವಷ್ಟರಲ್ಲಿ 1977 ಬಂತು, ಪತ್ರಿಕೆಯಲ್ಲಿ ಅವನ ಚಿತ್ರಕಥೆಯ ಸ್ಟ್ರಿಪ್ಪು ಶುರುವಾಗಿ ನಲವತ್ತೊಂದು ವರ್ಷ. ಆಕೆ ಕೆಲಸ ಬಿಟ್ಟು ಕಾಯುತ್ತ ಕೂರಲಿಲ್ಲ ಅನ್ನುವುದು ನನಗೆ ಆ ವಯಸ್ಸಿನಲ್ಲಿ ದೊಡ್ಡ ಧೈರ್ಯ.

ಈಗ ಈ ನಡುಹಾಳೆಗೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಹರಿಹರದಿಂದ ಒಬ್ಬರು ಫೋನ್ ಮಾಡಿದರು. ಮನೆಗಳ ವೈರಿಂಗ್ ಮಾಡುವವರು. ಯಾರದೋ ಹಳೇ ಮನೆಯ ಅಟ್ಟದಲ್ಲಿ ಕೆಲಸ ಮಾಡುವಾಗ ಗೋಣಿಚೀಲದಲ್ಲಿ ಇಂದ್ರಜಾಲ ಸಿಕ್ಕವಂತೆ, ಮನೆಯವರು ತೊಗೊಂಡು ಹೋಗಿ ಅಂದರಂತೆ. ಬರಲು ಹೇಳಿದೆ. ಬಂದವರು ಬಾಗಿಲ ಹತ್ತಿರವೇ ನಿಂತರು. ಕುರ್ಚಿ ತೋರಿಸಿದರೆ, "ಇರ್ಲಿ ಮೇಡಂ, ಪ್ಯಾಂಟೆಲ್ಲ ಧೂಳಾಗೈತಿ" ಅಂದರು. ನಾನು ನೆಲದ ಮೇಲೆ ಚಾಪೆ ಹಾಸಿ ಕೂತೆ. ಆಗ ಅವರೂ ಕೂತರು. ಚೀಲದಿಂದ ಒಂದೊಂದೇ ತೆಗೆದು, ಒರೆಸಿ, ಅಂಕಿಯ ಪ್ರಕಾರ ಜೋಡಿಸಿದರು. ಗೋವಿಂದ್ ಅವರ ಮುಖಪುಟ ಯಾವುದು, ಯಾವುದು ಅಲ್ಲ ಅನ್ನುವುದನ್ನು ನೋಡಿದ ತಕ್ಷಣ ಹೇಳುತ್ತಿದ್ದರು. ನನಗೆ ಆ ಕಣ್ಣಿಲ್ಲ. ನಡುನಡುವೆ ನಾನು ಪ್ರಶ್ನೆ ಕೇಳಿದೆ, ಅವರು ಹೇಳಿಕೊಟ್ಟರು. ಮೇಡಂ ಹೋಗಿ ಯಾವಾಗಲೋ 'ಅಕ್ಕಾರ' ಆಗಿತ್ತು.

ಅವುಗಳಲ್ಲಿ ಇದೇ ಸಂಚಿಕೆ ಇತ್ತು. ಮುಖಪುಟ ಇಲ್ಲ, ನಡುಹಾಳೆ ಇದೆ. ನನ್ನದರಲ್ಲಿ ಮುಖಪುಟ ಇದೆ, ನಡುಹಾಳೆ ಇಲ್ಲ. ಇಬ್ಬರೂ ಒಂದು ಕ್ಷಣ ಸುಮ್ಮನಾದೆವು. ಎರಡು ಸೇರಿಸಿದರೆ ಒಂದು ಪೂರ್ತಿ ಪುಸ್ತಕ. ಆಗ ಒಬ್ಬರ ಕೈ ಖಾಲಿ. ನನ್ನ ಬಳಿ ದುಡ್ಡಿತ್ತು, ಕೇಳಿದ್ದರೆ ಅವರು ಕೊಡುತ್ತಿದ್ದರೇನೋ. ಕೇಳಲು ಬಾಯಿ ಬರಲಿಲ್ಲ. ಅವರೇ ಪಿನ್ನು ಬಿಚ್ಚದೆ ಪುಸ್ತಕವನ್ನು ಹಗುರಾಗಿ ಅಗಲಿಸಿ ಹಿಡಿದು, "ಓದ್ರಿ ಅಕ್ಕಾರ" ಅಂದರು. ನಾಲ್ಕು ಪುಟ ಓದಿದೆ. ಫ್ಯಾಂಟಮ್ ಬಿಡಿಸಿಕೊಂಡದ್ದು ಸ್ವಂತ ಬಲದಿಂದ ಅಲ್ಲ. ಬೆರಳಲ್ಲಿದ್ದ 'ಒಳ್ಳೆಯ ಗುರುತಿನ' ಉಂಗುರ, ಅಂದರೆ ತಾನು ಕಾಯುವವರಿಗೆ ಅವನು ಒತ್ತುವ ಮುದ್ರೆಯ ಉಂಗುರ, ನೋಡಿ ಗುರುತು ಹಿಡಿದ ಒಬ್ಬ ಮುದುಕ ಹಗ್ಗ ಕೊಯ್ದುಬಿಡುತ್ತಾನೆ. ಅಷ್ಟೇ.

ಅವರ ನಡುಹಾಳೆಯ ಜೆರಾಕ್ಸ್ ನನ್ನ ಪುಸ್ತಕದಲ್ಲಿದೆ, ನೋಡಿ, ಇಲ್ಲಿ, ಪಿನ್ನಿಗೆ ಸಿಕ್ಕಿಸದೆ ಸುಮ್ಮನೆ ಇಟ್ಟಿದ್ದೇನೆ. ನನ್ನ ಮುಖಪುಟದ ಬಣ್ಣದ ಜೆರಾಕ್ಸ್ ಅವರ ಪುಸ್ತಕದ ಮೇಲಿದೆ. ಅವರು ಇವತ್ತು ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಮುಂದೆ ಬನ್ನಿ, ಕುರ್ಚಿ ಇದೆ.

ಮೇಜಿನ ಮೇಲೆ ಎಲ್ಲರೂ ತಂದ ಪುಸ್ತಕಗಳನ್ನು ಕಲೆಸಿ ಇಟ್ಟಿದ್ದೇವೆ. ಯಾವುದು ಯಾರದು ಅಂತ ಚೀಟಿ ಹಾಕಿಲ್ಲ, ಬೆಲೆಯನ್ನೂ ಬರೆದಿಲ್ಲ. ಕೈ ಒದ್ದೆ ಇರದ ಹಾಗೆ ನೋಡಿಕೊಳ್ಳಿ. ಹಾಳೆಯನ್ನು ಪಿನ್ನಿನ ಹತ್ತಿರ ಎಳೆಯಬೇಡಿ, ಮೂಲೆಯಲ್ಲಿ ಹಿಡಿದು ತಿರುವಿ. ಮಕ್ಕಳು ಮೊದಲು ಬರಲಿ. ಹೆಣ್ಣುಮಕ್ಕಳಿಗೂ ಅದೇ ಬೆಂಚು.